ಕಂಜಿಗೆ ಹಾಕಿದ ಮದ್ದು

ಪಕ್ಕದ ಜಾಗದಲ್ಲಿ ಫ್ಲ್ಯಾಟು ಎದ್ದ ಮೇಲೆ ನಮ್ಮ ದನದ ಹಟ್ಟಿಗೆ ನೆಮ್ಮದಿ ಇರಲಿಲ್ಲ. ಮೇಲಿನ ಮಹಡಿಯವರ ಬಾಲ್ಕನಿಯಿಂದ ನೇರ ಕಾಣುವುದು ನಮ್ಮ ಸೆಗಣಿ ಗುಂಡಿಯಂತೆ. ಮೊದಲು ಕಿಟಕಿ ಮುಚ್ಚಿದರು, ಆಮೇಲೆ ಅಪ್ಪನನ್ನು ಕರೆದು ಮಾತಾಡಿದರು, ಕೊನೆಗೆ ಮಹಾನಗರಪಾಲಿಕೆಗೆ ಬರೆದರು. ಬಿಕರ್ನಕಟ್ಟೆಯಿಂದ ಒಳಗೆ ತಿರುಗುವ ನಮ್ಮ ಓಣಿಯಲ್ಲಿ ನಾನು ಶಾಲೆಗೆ ಹೋಗುವಾಗ ಗದ್ದೆಗಳಿದ್ದವು. ಈಗ ಹುಲ್ಲು ಉಳಿದಿರುವುದು ಹೆದ್ದಾರಿಯ ಡಿವೈಡರಿನಲ್ಲಿ ಮಾತ್ರ.

ನಮ್ಮಲ್ಲಿ ಎರಡು ದನ, ಒಂದು ಕರು. ಕಪ್ಪು ದನ ಹಾಲು ಕೊಡುತ್ತಿತ್ತು, ಕರು ಅದರದ್ದು. ಕೆಂದು ದನ ಗಬ್ಬದಲ್ಲಿತ್ತು. ಅಪ್ಪ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ಬೆಳಗಿನ ಅಭಿಷೇಕದ ಹಾಲು ಮೊದಲಿನಿಂದಲೂ ನಮ್ಮ ಮನೆಯದ್ದು. ಆದರೂ ದನಗಳನ್ನು ಕೊಟ್ಟುಬಿಡುವ ಮಾತು ತೆಗೆದವರು ಅಪ್ಪನೇ. "ದೇವರಿಗೆ ಪ್ಯಾಕೆಟ್ ಹಾಲೂ ಆಗ್ತದೆ. ಈ ಜನರ ಹತ್ತಿರ ದಿನಾ ಮಾತು ಕೇಳಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು. ಅಮ್ಮ ಆ ದಿನ ಹಟ್ಟಿಯಿಂದ ಊಟಕ್ಕೂ ಒಳಗೆ ಬರಲಿಲ್ಲ.

ದಾರಿ ತೋರಿಸಿದವರು ಓಣಿಯ ಆ ತುದಿಯ ಬಾಯಮ್ಮ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಅವರು ಅಮ್ಮನನ್ನು ಭಟ್ರಮ್ಮ ಎನ್ನುತ್ತಾರೆ. ಗಲ್ಫಿನಲ್ಲಿ ಬಹುಕಾಲ ನರ್ಸಾಗಿದ್ದು ಊರಿಗೆ ಬಂದವರು. ಪೇಟೆಯ ಹೊರಗೆ, ನಮ್ಮಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಗುಡ್ಡದ ಇಳಿಜಾರಿನಲ್ಲಿ ಅವರದ್ದು ಪಾಮಾಯಿಲ್ ತೋಟ. ಇಲಾಖೆಯ ಕಾಗದದಲ್ಲಿ ಅದು ತಾಳೆ ಬೆಳೆ, ಎಲ್ಲರ ಬಾಯಲ್ಲಿ ಪಾಮಾಯಿಲ್. ತೆಂಗಿಗಿಂತ ಗಿಡ್ಡ, ದಪ್ಪ ಕಾಂಡ, ಗರಿ ಹೊತ್ತ ಮಡಲಿನ ಬುಡದಲ್ಲಿ ಮುಳ್ಳು, ಕಂಕುಳಲ್ಲಿ ಕೆಂಪು ಕಪ್ಪು ಹಣ್ಣಿನ ಗೊನೆ. ಮರಗಳ ನಡುವೆ ಜಾಗ ಬಹಳ ಬಿಡಬೇಕು. ಆ ಜಾಗದಲ್ಲೆಲ್ಲ ಹುಲ್ಲು. ಕಳೆ ಕೀಳಿಸಲು ಆಳು ಸಿಗುವುದಿಲ್ಲ, ಕಳೆನಾಶಕ ಹೊಡೆಯಲು ಬಾಯಮ್ಮನಿಗೆ ಮನಸ್ಸಿಲ್ಲ.

"ಭಟ್ರಮ್ಮ, ನಿಮ್ಮ ದನ ನನ್ನ ಕಳೆ ತಿಂದ್ರೆ ಸಂಬಳ ಕೇಳ್ತದಾ?" ಎಂದು ಗೇಟಿನ ಹತ್ತಿರ ನಿಂತು ಕೇಳಿದರು.

"ದನ ಕೇಳ್ಲಿಕ್ಕಿಲ್ಲ. ನಾನು ಕೇಳಿದ್ರೂ ಕೇಳಿಯೇನು."

"ನೀವು ಕೇಳಿ. ಸೆಗಣಿ ನನಗೆ, ಹಾಲು ನಿಮಗೆ. ನನಗೆ ಕಾಫಿಗೆ ಒಂದು ಲೋಟ."

ಹೀಗೆ ಮಳೆಗಾಲ ಮುಗಿದ ಮೇಲೆ ದನಗಳು ಗುಡ್ಡಕ್ಕೆ ಹೋದವು. ತೋಟದ ಹಳೆಯ ಗೊಬ್ಬರದ ಕೊಟ್ಟಿಗೆಯನ್ನು ಹಟ್ಟಿ ಮಾಡಿದೆವು. ಅಲ್ಲೇ ವಾಸವಿದ್ದ ಕೆಲಸದವನು ರಾತ್ರಿ ನೋಡಿಕೊಳ್ಳುತ್ತಿದ್ದ. ಅಮ್ಮ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಹಾಲು ಕರೆದು, ಅದೇ ಬಸ್ಸು ತಿರುಗಿ ಬರುವಾಗ ಕಂಡಕ್ಟರನ ಕೈಯಲ್ಲಿ ಕ್ಯಾನು ಕಳಿಸುತ್ತಿದ್ದಳು. ನಮ್ಮ ಸ್ಟಾಪಿನಲ್ಲಿ ಅಪ್ಪ ನಿಂತಿರುತ್ತಿದ್ದರು. ಮೊದಮೊದಲು ಕಂಡಕ್ಟರ್ "ಭಟ್ರೇ, ದೇವರಿಗೆ ಪಾಸ್ ಉಂಟಾ?" ಎಂದು ಕೇಳುತ್ತಿದ್ದ. ಅಪ್ಪ ನಗುತ್ತಿರಲಿಲ್ಲ. ಕೆಂದು ದನ ಕರು ಹಾಕುವವರೆಗೆ ನೋಡುವುದು, ಈ ಓಡಾಟ ನಡೆಯುವಂಥದ್ದಲ್ಲ ಅನ್ನಿಸಿದರೆ ಎಲ್ಲವನ್ನೂ ಕೊಟ್ಟುಬಿಡುವುದು ಎಂದು ಮಾತಾಗಿತ್ತು. ಕೊಳ್ಳುವ ಒಬ್ಬರನ್ನು ಅವರು ನೋಡಿಯೂ ಇಟ್ಟಿದ್ದರು.

ದಿನಚರಿ ಬರೆಯುವುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಯಾವ ದಿನ ಎಷ್ಟು ಹಾಲು, ಯಾವ ಸಾಲಿನಲ್ಲಿ ಮೇವು ಎಂದು ಬರೆದಿಡುತ್ತಿದ್ದೆ. "ದನ ಬಾಲ ಬೀಸಿದ್ದೂ ಬರೀತಾಳೆ" ಎಂದು ಅಮ್ಮ ಬಾಯಮ್ಮನಿಗೆ ಹೇಳುವುದಿತ್ತು. ಹಾಗೆ ಬರೆದುದರಿಂದಲೇ ತೋಟವನ್ನು ವಾರದ ದಿನಗಳಿಗೆ ಹಂಚಿ, ಮರಗಳಿಗೆ ಬಣ್ಣದ ರಿಬ್ಬನ್ ಕಟ್ಟಲು ಸಾಧ್ಯವಾಯಿತು. ಒಂದು ಕಡೆ ತಿಂದು ಮುಗಿಸಿದ ಹುಲ್ಲು ಮತ್ತೆ ಅವುಗಳ ಸರದಿ ಬರುವಷ್ಟರಲ್ಲಿ ಚಿಗುರಬೇಕು. ಎಳೆಯ ಮರಗಳ ಗರಿಗೆ ದನದ ಬಾಯಿ ಸಿಗಬಾರದು. ಆದ್ದರಿಂದ ಬಿಟ್ಟು ಮೇಯಿಸುವುದಿಲ್ಲ. ಹಗ್ಗ ಅಳೆದು ಮರಕ್ಕೆ ಕಟ್ಟುವುದು, ತಿಂದಾದ ಮೇಲೆ ಮುಂದಿನ ಮರಕ್ಕೆ ಸರಿಸುವುದು.

ಶನಿವಾರಕ್ಕೆ ಹಳದಿ ರಿಬ್ಬನ್. ಅದು ಎಳೆಯ ಮರಗಳ ಭಾಗ. ಅಲ್ಲಿ ಮರ ಇನ್ನೂ ಫಸಲಿಗೆ ಬಂದಿರಲಿಲ್ಲ, ಆದ್ದರಿಂದ ಬಾಯಮ್ಮ ಸಾಲಿನ ನಡುವೆ ಬಾಳೆ ನೆಡಿಸಿದ್ದರು. ಹುಲ್ಲು ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಅಲ್ಲಿಯೇ.

ಇನ್ನು ಒಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯ ಮಾತು ತುಳು, ಬಾಯಮ್ಮನ ಮನೆಯದ್ದು ಕೊಂಕಣಿ. ಇಬ್ಬರೂ ಸೇರಿದಾಗ ಆಡುವುದು ತುಳು. ತುಳುವಿನಲ್ಲಿ ದನದ ಕರುವಿಗೆ ಕಂಜಿ ಎನ್ನುತ್ತಾರೆ. ಬಾಳೆಯ ಬುಡದಿಂದ ಕಿತ್ತು ನೆಡುವ ಮರಿಗೂ ಕಂಜಿ ಎಂದೇ ಹೇಳುವುದು. ಮದ್ದು ಎಂದರೆ ರೋಗಿಗೆ ಕುಡಿಸುವುದೂ ಹೌದು, ಗಿಡಕ್ಕೆ ಹಾಕುವ ವಿಷವೂ ಹೌದು.

ಆ ವಾರದ ಮೊದಲಿಗೆ ಬಾಯಮ್ಮ ನಮ್ಮ ಕರುವನ್ನು ನೋಡಿ, "ಹೊಟ್ಟೆ ದೊಡ್ಡ ಉಂಟು, ಹುಳ ಆಗಿರಬೇಕು. ಮದ್ದು ನಾನು ತರ್ತೇನೆ" ಎಂದಿದ್ದರು. ಶುಕ್ರವಾರ ಅಮ್ಮ ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಏಕಾದಶಿ, ದೇವಸ್ಥಾನದಲ್ಲಿ ಕೆಲಸವಿತ್ತು. ಸಂಜೆ ಅಡುಗೆಮನೆಯಲ್ಲಿದ್ದಾಗ ಬಾಯಮ್ಮನ ವಾಯ್ಸ್ ಮೆಸೇಜು ಬಂತು. ಅಮ್ಮ ಸ್ಪೀಕರಿಗೆ ಹಾಕಿದಳು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: "ಭಟ್ರಮ್ಮ, ಕಂಜಿಗೆ ಹುಳದ ಮದ್ದು ಹಾಕಿ ಆಯ್ತು. ಎರಡು ವಾರ ಬಿಡ್ಬೇಡಿ."

"ಪಾಪ, ನೆನಪಿಟ್ಟು ಹಾಕಿದ್ರು" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಅವಳು ಬಾಯಮ್ಮ ಹೇಳಿದಂತೆಯೇ ಮಾಡಿದಳು. ಹಾಲು ಕರೆದು ಕಳಿಸಿದಳು. ಕರುವನ್ನು ಹೊರಗೆ ಬಿಡದೆ ಹಟ್ಟಿಯಲ್ಲೇ ಕಟ್ಟಿದಳು. ಎರಡು ದನಗಳನ್ನು ಹಳದಿ ರಿಬ್ಬನಿನ ಭಾಗಕ್ಕೆ ಕರೆದುಕೊಂಡು ಹೋದಳು. ತಡೆಯಬಹುದಾಗಿದ್ದ ಒಬ್ಬನೇ ಮನುಷ್ಯ, ತೋಟದ ಕೆಲಸದವನು, ತಂಗಿಯ ಮದುವೆಗೆಂದು ಹಿಂದಿನ ಸಂಜೆಯೇ ಊರಿಗೆ ಹೋಗಿದ್ದ.

ನನಗೆ ಶನಿವಾರ ಅರ್ಧ ದಿನ ಆಫೀಸು, ಹಂಪನಕಟ್ಟೆಯಲ್ಲಿ. ಮುಗಿಸಿ ಹಿಂಡಿ ಕೊಳ್ಳಲು ಬಂದರಿಗೆ ನಡೆದೆ. ಗೋದಾಮಿನ ಎದುರು ಲಾರಿಯಿಂದ ಮೂಟೆ ಇಳಿಸುತ್ತಿದ್ದರು, ದಾರಿ ಬಿಡುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ಆಗ ಬಾಯಮ್ಮನ ಫೋನು.

"ಮಗಾ, ಬಂದರಿನಲ್ಲಿ ಇದ್ದಿಯಾ? ಅಲ್ಲೇ ಮದ್ದಿನ ಅಂಗಡಿ ಉಂಟಲ್ಲ, ಇನ್ನೊಂದು ಪ್ಯಾಕೆಟ್ ತೆಕ್ಕೊಂಡು ಬಾ. ಹೆಸರು ಕಳಿಸ್ತೇನೆ. ನಿನ್ನೆ ಅರ್ಧ ಕಂಜಿಗಳಿಗೆ ಆಗುವಾಗ ಮುಗಿದೇ ಹೋಯ್ತು."

"ಅರ್ಧ ಕಂಜಿಗಳಿಗಾ?"

"ಹೌದು ಮಾರಾಯ್ತಿ. ಮೇಲಿಂದ ಹಾಕಿಕೊಂಡು ಬಂದದ್ದು, ಗೇಟಿನ ಕಡೆಯ ಸಾಲು ಹಾಗೇ ಉಳೀತು."

"ಬಾಯಮ್ಮ, ನಮ್ಮಲ್ಲಿ ಇರುವುದು ಒಂದೇ ಕಂಜಿ."

ಆ ಕಡೆ ಅವರ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು.

"ದನದ್ದಲ್ಲ ಮಗಾ. ಬಾಳೆಯದ್ದು." ಬೇರೆಯೇ ಸ್ವರದಲ್ಲಿ ಕೇಳಿದರು, "ಇವತ್ತು ದನ ಎಲ್ಲಿ ಉಂಟು?"

ಹಳದಿ ರಿಬ್ಬನ್ ಎಂದೆ.

ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಫೋನು ಸದ್ದು ಮಾಡಿದರೆ ದನ ಬೆದರುತ್ತದೆಂದು ಅವಳು ಅದನ್ನು ಸೈಲೆಂಟಿಗೆ ಹಾಕಿ, ಊಟದ ಡಬ್ಬಿಯ ಚೀಲದೊಂದಿಗೆ ಯಾವುದಾದರೂ ಮರದ ಕಡಿದ ಮಡಲಿಗೆ ತೂಗುಹಾಕುತ್ತಾಳೆ. ಅಪ್ಪನ ಫೋನು ಸ್ವಿಚ್ ಆಫ್. ಅದು ಮಹಾಪೂಜೆಯ ಹೊತ್ತು.

ಹಿಂಡಿ ಅಲ್ಲೇ ಬಿಟ್ಟು ರಿಕ್ಷಾ ಹತ್ತಿದೆ. ಹಂಪನಕಟ್ಟೆ ದಾಟಲಿಕ್ಕೇ ಆಗಲಿಲ್ಲ. ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು ಅಡ್ಡ ನಿಂತಿದ್ದವು, ಕಂಡಕ್ಟರುಗಳು ಊರುಗಳ ಹೆಸರನ್ನು ಎಂದಿನ ವೇಗದಲ್ಲಿ ಕೂಗುತ್ತಿದ್ದರು. ಅಷ್ಟರಲ್ಲಿ ಪಶುವೈದ್ಯರು ಫೋನಿನಲ್ಲಿ ಸಿಕ್ಕಿದರು. ಅವರ ಮೊದಲ ಪ್ರಶ್ನೆ, "ಯಾವ ಮದ್ದು?" ಬಾಯಮ್ಮ ಕಳಿಸಿದ್ದ ಹೆಸರು ಹೇಳಿದೆ. "ಅಂಥ ವಿಷವನ್ನು ಇನ್ನೂ ಇಟ್ಟುಕೊಂಡಿದ್ದೀರಾ?" ಎಂದರು. ಇನ್ನೊಂದು ಹಳ್ಳಿಯಲ್ಲಿದ್ದರು, ಹೊರಡುತ್ತೇನೆ, ದನಕ್ಕೆ ಏನೂ ಕುಡಿಸಬೇಡಿ, ಖಾಲಿ ಪ್ಯಾಕೆಟ್ ಹುಡುಕಿ ಇಡಿ ಎಂದರು.

ಬಿಕರ್ನಕಟ್ಟೆ ಜಂಕ್ಷನ್ನಿನಲ್ಲಿ ಬಾಯಮ್ಮ ಕಾಯುತ್ತಿದ್ದರು. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಬಂದ ಜನರ ನಡುವೆ, ನೈಟಿಯ ಮೇಲೆ ಒಂದು ಟವೆಲು ಹೊದ್ದು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಮಂಗಳವಾರದ ಪೂಜೆಗೂ ಇಸ್ತ್ರಿಯ ಸೀರೆ ಇಲ್ಲದೆ ಹೋಗದವರು. ಹತ್ತಿ ಕುಳಿತವರು ನನ್ನ ಮುಖ ನೋಡಲಿಲ್ಲ.

"ಬೇಗ ಬಿಡು ಮಾರಾಯ" ಎಂದರು ರಿಕ್ಷಾದವನಿಗೆ.

"ಬಾಯಮ್ಮ, ಇದು ರಿಕ್ಷಾ. ರೆಕ್ಕೆ ಇಲ್ಲ."

"ಇದ್ದಷ್ಟರಲ್ಲಿ ಬಿಡು."

ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಮ್ಮೆ ಮಾತ್ರ. "ಬುಡಕ್ಕೂ ಹಾಕಿದ್ದು, ಎಲೆಯ ಸುರುಳಿಗೂ ಹಾಕಿದ್ದು. ಬರೀ ಹುಲ್ಲು ತಿಂದಿದ್ರೆ ಬಚಾವು. ಕಂಜಿಗೆ ಬಾಯಿ ಹಾಕಿದ್ರೆ..." ನಾನು ಮನಸ್ಸಿನಲ್ಲೇ ಹಗ್ಗದ ಉದ್ದ ಅಳೆಯುತ್ತಿದ್ದೆ. ಅಮ್ಮ ಬಾಳೆಗೆ ಮೊಳ ಬಿಟ್ಟೇ ಕಟ್ಟುತ್ತಾಳೆ. ಗೇಟಿನ ಕಡೆಯಿಂದಲೇ ಶುರುಮಾಡುತ್ತಾಳೆ. ಆದರೆ ಮಧ್ಯಾಹ್ನದೊಳಗೆ ಎಷ್ಟು ಮರ ದಾಟಿಸಿರುತ್ತಾಳೆ ಎಂಬುದು ಹುಲ್ಲಿನ ಮೇಲೆ ಹೋಗುವ ಲೆಕ್ಕ. ಆ ದಿನ ಹುಲ್ಲು ಎಷ್ಟಿತ್ತೋ ನಾನು ಕಂಡಿರಲಿಲ್ಲ.

ತೋಟದಲ್ಲಿ ಎಲ್ಲವೂ ಎಂದಿನಂತೆ ಇತ್ತು. ಅಮ್ಮ ಮಡಲಿನ ರಾಶಿಯ ಪಕ್ಕದಲ್ಲಿ ಕುಳಿತು ಮೊಸರನ್ನ ತಿನ್ನುತ್ತಿದ್ದಳು. ಕಪ್ಪು ದನ ಗೇಟಿನ ಹತ್ತಿರವೇ ಮಲಗಿ ಮೆಲುಕು ಹಾಕುತ್ತಿತ್ತು. ಕೆಂದು ದನ ಮೇಲಿನ ಸಾಲಿನಲ್ಲಿ, ನಮಗೆ ಬೆನ್ನು ಹಾಕಿ ನಿಂತಿತ್ತು. ಬಾಯಮ್ಮನ ವೇಷ ನೋಡಿ ಅಮ್ಮ ತಪ್ಪು ತಿಳಿದಳು. ಯಾರೋ ಹೋಗಿ ದೂರು ಹೇಳಿದ್ದಾರೆಂದು ಅವಳ ಲೆಕ್ಕ.

"ಬಾಯಮ್ಮ, ಬೈಬೇಡಿ. ಹಗ್ಗ ಜಾರಿತು, ಒಂದು ಬಾಳೆ ಕಂಜಿಯನ್ನು ಕೆಂದು ಎಳೆದು ತಿಂದುಬಿಟ್ಟಿತು. ನಾನು ಬೇರೆ ನೆಟ್ಟು ಕೊಡ್ತೇನೆ."

ಬಾಯಮ್ಮ ಇದ್ದಲ್ಲೇ ಕುಳಿತುಬಿಟ್ಟರು.

"ಯಾವಾಗ?" ಎಂದು ನಾನು ಕೇಳಿದೆ.

"ಈಗ. ಊಟಕ್ಕೆ ಕೂರುವ ಮೊದಲು."

ನಾನು ವಿಷಯ ಹೇಳಿ ಮುಗಿಸುವುದರೊಳಗೆ ಅಮ್ಮ ಎಂಜಲು ಕೈಯಲ್ಲೇ ಮೇಲಕ್ಕೆ ಓಡುತ್ತಿದ್ದಳು. ಹತ್ತಿರ ಹೋದಾಗ ಕಂಡಿತು. ಕೆಂದು ದನದ ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ತೊಡೆಯ ಚರ್ಮ ನೊಣ ಕೂತಂತೆ ಅದುರುತ್ತಿತ್ತು, ಆದರೆ ನೊಣ ಇರಲಿಲ್ಲ. ಅಮ್ಮ ಅದರ ಕುತ್ತಿಗೆಗೆ ಕೈ ಹಾಕಿ ತುಳುವಿನಲ್ಲಿ ಏನೋ ಹೇಳುತ್ತಲೇ ಇದ್ದಳು. ನಾನೂ ಬಾಯಮ್ಮನೂ ಕಪ್ಪು ದನವನ್ನು ಹಟ್ಟಿಗೆ ಎಳೆದು ಕಟ್ಟಿ, ಕಸದಿಂದ ಖಾಲಿ ಪ್ಯಾಕೆಟ್ ಹೆಕ್ಕಿದೆವು. ಮತ್ತೆ ಮಾಡಲು ಏನೂ ಇರಲಿಲ್ಲ. ಗೇಟಿನಲ್ಲಿ ಬೈಕಿನ ಸದ್ದಿಗೆ ಕಿವಿಗೊಟ್ಟು ನಿಂತೆವು. ದಾರಿಯಲ್ಲಿ ಹೋಗುವ ಒಂದೊಂದು ಬೈಕೂ ಡಾಕ್ಟರದ್ದೇ ಎಂದು ಅನ್ನಿಸಿ, ದಾಟಿ ಹೋಗುತ್ತಿತ್ತು.

ಡಾಕ್ಟರು ಬರುವ ಹೊತ್ತಿಗೆ ದನದ ಮುಂಗಾಲು ಮಡಚಿತ್ತು. ಅವರು ಪ್ಯಾಕೆಟ್ ಓದಿದರು, ಕಣ್ಣಿಗೆ ಟಾರ್ಚ್ ಹಿಡಿದರು, ಇಂಜೆಕ್ಷನ್ ಚುಚ್ಚಿದರು. ಡ್ರಿಪ್ ಹಾಕಬೇಕು, ಬಾಟಲಿ ಹಿಡಿಯುವವರು ಯಾರು ಎಂದು ಸುತ್ತ ನೋಡಿದಾಗ ಬಾಯಮ್ಮ ಟವೆಲನ್ನು ಸೊಂಟಕ್ಕೆ ಬಿಗಿದು ಮುಂದೆ ಬಂದರು. ಬಾಟಲಿಯನ್ನು ಪಾಮಾಯಿಲ್ ಮರದ ಕಡಿದ ಮಡಲಿನ ಮೊಂಡಿಗೆ ಸಿಕ್ಕಿಸಿದರು. ಮುಳ್ಳು ಕೈಗೆ ಗೀರಿತು, ಒರೆಸಿಕೊಳ್ಳಲಿಲ್ಲ. ನಳಿಕೆಯ ಗಾಳಿ ತೆಗೆದು, ಹನಿ ಸರಿಮಾಡಿ, ದನದ ತಲೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು.

"ಅಲ್ಲಾಡ್ಬೇಡ. ಶೇಖ್‌ಗಳಿಗೆ ಡ್ರಿಪ್ ಹಾಕಿದ ಕೈ ಇದು" ಎಂದರು. ಹೇಳಿದ್ದು ದನಕ್ಕೆ.

ಡಾಕ್ಟರು ಎರಡನೆಯ ಇಂಜೆಕ್ಷನ್ ಕೊಟ್ಟರು, ಕಾದರು, ಮೂರನೆಯದು ಕೊಟ್ಟರು. ಪ್ರತಿ ಸಲ ಕಣ್ಣಿನ ಪಾಪೆ ನೋಡುವುದು, ಎದೆಗೆ ಕಿವಿ ಕೊಡುವುದು. ಬಿಸಿಲು ಮರಗಳ ನಡುವೆ ವಾಲುವ ಹೊತ್ತಿಗೆ ಜೊಲ್ಲು ಕಡಿಮೆಯಾಯಿತು. ಆಮೇಲೆ ದನ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟಿತು.

"ಇದು ಉಳೀತದೆ" ಎಂದರು ಡಾಕ್ಟರು. "ಒಂದೇ ಕಂಜಿ ತಿಂದದ್ದು ಪುಣ್ಯ. ಹೊಟ್ಟೆಯಲ್ಲಿ ಇರುವುದರ ಬಗ್ಗೆ ಈಗ ನಾನು ಏನೂ ಹೇಳುವುದಿಲ್ಲ. ಕಪ್ಪು ದನಕ್ಕೆ ತೊಂದರೆ ಕಾಣುವುದಿಲ್ಲ, ಆದರೂ ನಾನು ಹೇಳುವವರೆಗೆ ಹಾಲು ಯಾರೂ ಕುಡಿಯಬೇಡಿ. ಚೆಲ್ಲಿ."

ಅಪ್ಪ ಬಂದಾಗ ಅಮ್ಮ ಸಂಜೆ ಕರೆದ ಹಾಲನ್ನು ಹಟ್ಟಿಯ ಹಿಂದೆ ಗುಂಡಿಗೆ ಸುರಿಯುತ್ತಿದ್ದಳು. ನನ್ನ ಮೆಸೇಜು ನೋಡಿ ಪೂಜೆಯ ಮಡಿಪಂಚೆಯಲ್ಲೇ ಬಂದಿದ್ದರು. ಬಿಳಿ ಹಾಲು ಮಣ್ಣಿಗೆ ಇಳಿಯುವುದನ್ನು ನೋಡುತ್ತ ನಿಂತರು. ನಾನು ನಡೆದುದೆಲ್ಲ ಹೇಳಿದೆ.

"ಬೆಳಗಿನ ಹಾಲು?" ಎಂದರು.

"ಮೇಯಿಸುವ ಮೊದಲು ಕರೆದದ್ದು. ಅದಕ್ಕೆ ದೋಷ ಇಲ್ಲ" ಎಂದಳು ಅಮ್ಮ.

"ನಾಳೆಗೆ?"

"ಪ್ಯಾಕೆಟ್ ತನ್ನಿ. ದೇವರಿಗೆ ಆಗ್ತದೆ ಅಂತ ನೀವೇ ಹೇಳಿದ್ದಲ್ಲ."

ಬಾಯಮ್ಮ ನಡುವೆ ಬಂದರು. "ಭಟ್ರೇ, ತಪ್ಪು ನನ್ನದು. ನನ್ನ ತುಳು ಕೊಂಕಣಿಯವರ ತುಳು."

"ತುಳು ಸರಿಯೇ ಉಂಟು" ಎಂದಳು ಅಮ್ಮ, ಪಾತ್ರೆ ತೊಳೆಯುತ್ತ. "ಬಾಳೆಗೂ ಕಂಜಿಯೇ. ಆದ್ರೆ ದನಕ್ಕೆ ಮದ್ದು ಹಾಕುವುದಿಲ್ಲ, ಕುಡಿಸುವುದು. ನೀವು ಹಾಕಿದ್ದು ಅಂದ್ರಿ. ಅಲ್ಲಿ ನಾನು ನಿಲ್ಬೇಕಿತ್ತು."

"ನರ್ಸು ಅಲ್ವಾ, ಕುಡಿಸಿದ್ದಕ್ಕೇ ಹಾಕಿದ್ದು ಅಂದಿರಬಹುದು ಅಂತ ನಾನಾದರೂ ಅಂದುಕೊಳ್ತಿದ್ದೆ" ಎಂದರು ಅಪ್ಪ. ಯಾರ ಪರವಾಗಿ ಹೇಳಿದರೋ ತಿಳಿಯಲಿಲ್ಲ. ಕೆಂದು ದನದ ಹತ್ತಿರ ಹೋಗಿ ಅದರ ಬೆನ್ನ ಮೇಲೆ ಕೈ ಇಟ್ಟರು. ತಿರುಗಿ ಬರುವಾಗ, "ಕರು ಹಾಕುವವರೆಗೆ ಅಂತ ಮಾತಾಗಿತ್ತು. ಅಲ್ಲಿವರೆಗೆ ನಾನು ಏನೂ ಹೇಳುವುದಿಲ್ಲ" ಎಂದರು. ಕರು ಜೀವದಿಂದ ಬಾರದಿದ್ದರೆ ಏನು ಹೇಳುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮುಂದಿನ ವಾರ ಬಾಯಮ್ಮ ಆಳು ಹಿಡಿದು ಹಳದಿ ರಿಬ್ಬನಿನ ಬಾಳೆಯನ್ನೆಲ್ಲ ಬುಡಸಮೇತ ಕೀಳಿಸಿದರು. ಮೇಲಿನ ಸಾಲುಗಳಿಗೆ ತಂತಿ ಹಾಕಿಸಿ, ಮುಂದಿನ ಮಳೆಗಾಲ ಮುಗಿಯುವವರೆಗೆ ಅಲ್ಲಿ ಯಾರೂ ಕಾಲಿಡಬಾರದು ಎಂದರು. ಗೇಟಿನ ಕಡೆಯವಕ್ಕೆ ಮದ್ದೇ ಬಿದ್ದಿಲ್ಲ, ಅವುಗಳನ್ನಾದರೂ ಬಿಡಿ ಎಂದು ಅಮ್ಮ ಹೇಳಿದಳು.

"ಬೇಡ. ಈ ತೋಟಕ್ಕೆ ಒಂದೇ ಜಾತಿಯ ಕಂಜಿ ಸಾಕು."

ಅವರ ಮೆಸೇಜುಗಳ ರೀತಿಯೂ ಬದಲಾಯಿತು. "ಭಟ್ರಮ್ಮ, ನಾಲ್ಕು ಕಾಲಿನ ಕಂಜಿಗೆ, ಅಂದ್ರೆ ಕಪ್ಪು ದನದ ಮಗಳಿಗೆ, ಬಾಯಿಯಿಂದ ಮದ್ದು ಕುಡಿಸಿದ್ದೇನೆ. ನಾನೇ ಕುಡಿಸಿದ್ದು. ಕುಡಿದಿದೆ." ಅಮ್ಮ ಅದನ್ನು ಎರಡೆರಡು ಸಲ ಕೇಳಿ ನಗುತ್ತಿದ್ದಳು. ಆದರೆ ಪ್ರತಿದಿನ ಕೆಂದು ದನದ ಹೊಟ್ಟೆಯ ಬಲಗಡೆಗೆ ಅಂಗೈ ಒತ್ತಿ ನಿಲ್ಲುವಾಗ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ. ಸಂಜೆ ಮನೆಗೆ ಬಂದವಳನ್ನು ನಾನು ಕೇಳುತ್ತಿದ್ದೆ. "ಒದ್ದಿತು" ಎನ್ನುತ್ತಿದ್ದಳು, ಅಥವಾ "ಇವತ್ತು ಗೊತ್ತಾಗಲಿಲ್ಲ." ಎರಡರಲ್ಲಿ ಒಂದನ್ನು ದಿನಚರಿಯಲ್ಲಿ ಬರೆಯುತ್ತಿದ್ದೆ. ಗೊತ್ತಾಗಲಿಲ್ಲ ಎಂಬುದು ಮೂರು ದಿನ ಸಾಲಾಗಿ ಬಂದ ವಾರ ನನಗೆ ಆಫೀಸಿನಲ್ಲಿ ಕೂರಲು ಆಗಲಿಲ್ಲ. ಅದೇ ವಾರ ದನ ಕೊಳ್ಳುವವರು ಅಪ್ಪನಿಗೆ ಫೋನ್ ಮಾಡಿದ್ದರು. ಇನ್ನೂ ಸಮಯ ಉಂಟು ಎಂದಷ್ಟೇ ಅಪ್ಪ ಹೇಳಿದರು.

ಕರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅಮ್ಮನೊಂದಿಗೆ ನಾನೂ ಹೋಗಿದ್ದೆ. ಕೆಂದು ದನ ನೀಲಿ ರಿಬ್ಬನಿನ ದೊಡ್ಡ ಮರಗಳ ಕೆಳಗೆ ಸುತ್ತಿ ಸುತ್ತಿ ಮಲಗಿತು. ಮೊದಲು ಗೊರಸು ಕಂಡಿತು, ಆಮೇಲೆ ಮೂಗು. ಅಮ್ಮ ಮಂಡಿಯೂರಿ ಎಳೆದಳು. ನೆಲಕ್ಕೆ ಬಿದ್ದದ್ದು ಅಲುಗಲಿಲ್ಲ. ಅವಳು ಬೆರಳು ಹಾಕಿ ಅದರ ಬಾಯಿ ಮೂಗಿನ ಲೋಳೆ ತೆಗೆದಳು, ಒಣ ಹುಲ್ಲಿನಿಂದ ಪಕ್ಕೆ ಉಜ್ಜಿದಳು, ಮತ್ತೆ ಉಜ್ಜಿದಳು. ಕೆಂದು ದನ ತಿರುಗಿ ನೆಕ್ಕತೊಡಗಿತು. ಆಮೇಲೆ ಒಂದು ಸೀನು, ಮನುಷ್ಯರ ಮಗುವಿನ ಸೀನಿನ ಹಾಗೆ.

ಅಮ್ಮ ಕೈ ಒರೆಸಿಕೊಳ್ಳದೆಯೇ ಫೋನ್ ಕೇಳಿದಳು. ನಾನು ಬಾಯಮ್ಮನಿಗೆ ಹಚ್ಚಿ ಸ್ಪೀಕರಿಗೆ ಹಾಕಿ ಹಿಡಿದೆ. ಆಗಷ್ಟೇ ಇಗರ್ಜಿಯಿಂದ ಹೊರಗೆ ಬಂದಿರಬೇಕು, ಹಿಂದೆ ಗಂಟೆಯ ಸದ್ದು ಇತ್ತು.

"ಬಾಯಮ್ಮ, ಕಂಜಿ ಬಂತು."

ಅವರು ಮೆಲ್ಲಗೆ ಕೇಳಿದರು, "ಎಷ್ಟು ಕಾಲು?"

ಕರು ಹಿಂಗಾಲು ಎತ್ತಿತು, ಮುಗ್ಗರಿಸಿ ಮಡಲಿನ ರಾಶಿಗೆ ಒರಗಿತು, ಮತ್ತೆ ಎದ್ದಿತು. ಅದು ಪೂರ್ತಿ ನಿಲ್ಲುವವರೆಗೆ ಅಮ್ಮ ಉತ್ತರ ಕೊಡಲಿಲ್ಲ.

"ನಾಲ್ಕು" ಎಂದಳು. "ನಾಲ್ಕರ ಮೇಲೂ ನಿಂತಿದೆ. ಭಟ್ರಿಗೆ ನೀವೇ ಹೇಳಿ ಆಯ್ತಾ, ನಿಮ್ಮ ತುಳುವಿನಲ್ಲೇ ಹೇಳಿ."